ಹಳೆ ಪಿಕಪ್‌ಗೆ ರಿವರ್ಸ್ ಕ್ಯಾಮೆರಾ: ನಮ್ಮ ಉಪ್ಪುಗಾಳಿಗೂ ಮಳೆಗೂ ತಡೆಯುವ ಹಾಗೆ ಕೂರಿಸುದು ಹೇಗೆ

"ಹಳೆ ಟಾಟಾ ಮೊಬೈಲ್ ಪಿಕಪ್ ಉಂಟು, ಅದಕ್ಕೆ ಕ್ಯಾಮೆರಾ ಕೂರ್ತದಾ?" ಅಂತ ಒಬ್ರು ಕೇಳ್ತಾರೆ. "ನಮ್ಮ ಟಾಟಾ 207 ಪಿಕಪ್ಪಿಗೆ ಹಾಕಿಸಿದ್ದೆ, ಮಳೆಗಾಲ ಮುಗಿಯುವ ಮೊದ್ಲೇ ಸತ್ತುಹೋಯ್ತು, ಎಂತ ಮಾಡುದು?" ಅಂತ ಇನ್ನೊಬ್ರು. ಈ ಎರಡು ಪ್ರಶ್ನೆ ವಾರಕ್ಕೊಂದ್ಸಲ ಆದ್ರೂ ಬರ್ತದೆ, ಒಬ್ಬೊಬ್ರಿಗೆ ಉತ್ತರ ಬರೆದು ಬರೆದು ಅರ್ಧ ವಿಷಯ ಬಿಟ್ಟುಹೋಗ್ತದೆ, ಹಾಗಾಗಿ ಪೂರ್ತಿ ಒಂದೇ ಕಡೆ ಬರೆದುಬಿಡ್ತೇನೆ.

ಮೊದಲನೇ ಪ್ರಶ್ನೆಗೆ ಉತ್ತರ ಹೌದು, ಧಾರಾಳವಾಗಿ ಕೂರ್ತದೆ. ಹೊಸ ಗಾಡಿಗಿಂತ ಹಳೆದಕ್ಕೇ ಸುಲಭ, ಯಾಕಂದ್ರೆ ಒಳಗೆ ಕಂಪ್ಯೂಟರ್ ಇಲ್ಲ, ಯಾವ ವಯರ್ ಮುಟ್ಟಿದ್ರೆ ಎಂತ ಎರರ್ ಬರ್ತದೋ ಅನ್ನುವ ಹೆದರಿಕೆ ಇಲ್ಲ. 2019ರ ಜುಲೈಯಿಂದ ತಯಾರಾಗುವ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಆಗಿದೆ, ನಮ್ಮ ಹಳೆ ಗಾಡಿಗಳಿಗೆ ಆ ಸೌಲಭ್ಯ ಇಲ್ಲ, ಹಿಂದೆ ಟಾರ್ಪಾಲು ಕಟ್ಟಿದ್ರೆ ಒಳಗಿನ ಕನ್ನಡಿ ಇದ್ದೂ ಇಲ್ಲದ ಹಾಗೆ. ಮಲ್ಪೆ ದಕ್ಕೆಯಲ್ಲೋ ಮಂಗಳೂರು ಬಂದರಿನ ಓಣಿಯಲ್ಲೋ ರಿವರ್ಸ್ ತೆಗೆದವರಿಗೆ ಅದರ ಕಷ್ಟ ಹೇಳಿಕೊಡ್ಬೇಕಾಗಿಲ್ಲ.

ಎರಡನೇ ಪ್ರಶ್ನೆಯೇ ಮುಖ್ಯದ್ದು. ನಮ್ಮಲ್ಲಿ ಹೆಚ್ಚಿನ ಸಲ ಹಾಳಾಗುದು ಕ್ಯಾಮೆರಾ ಅಲ್ಲ, ಜಾಯಿಂಟ್. ಹಿಂದಿನ ಲೈಟಿನ ಹತ್ರ ವಯರ್ ಸುಲಿದು ತಿರುಚಿ ಕಪ್ಪು ಟೇಪ್ ಸುತ್ತಿ ಬಿಟ್ಟಿರ್ತಾರೆ, ಅದರ ಮೇಲೆ ಮೀನಿನ ಐಸಿನ ಉಪ್ಪುನೀರು, ಟಯರಿಂದ ಹಾರಿದ ಕೆಸರು, ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ. ತಾಮ್ರ ಹಸಿರು ಹಿಡಿದು ಪುಡಿ ಆಗ್ತದೆ. ನನ್ನ ಮೊದಲನೇ ಕ್ಯಾಮೆರಾ ಹೋದದ್ದೂ ಹಾಗೇ, ಬಿಚ್ಚಿ ಬೇರೆ ಬ್ಯಾಟರಿಗೆ ಕೊಟ್ಟು ನೋಡಿದ್ರೆ ಕ್ಯಾಮೆರಾ ಚಂದ ಕೆಲಸ ಮಾಡ್ತಿತ್ತು. ಹಾಗಾಗಿ ಈ ಇಡೀ ಲೇಖನದಲ್ಲಿ ನಾನು ಒಂದೇ ಹಟ ಹಿಡಿದಿದ್ದೇನೆ: ಗಾಡಿಯ ಹಿಂಭಾಗದಲ್ಲಿ ಸುಲಿದು ಕಟ್ಟಿದ ಜಾಯಿಂಟ್ ಒಂದೂ ಇರಬಾರದು, ಕರೆಂಟಿನ ಕೆಲಸ ಪೂರ್ತಿ ಕ್ಯಾಬಿನ್ ಒಳಗೇ ಆಗ್ಬೇಕು.

ಏನೆಲ್ಲ ತೆಗೊಳ್ಬೇಕು

ಕ್ಯಾಮೆರಾ ಅಂಗಡಿಯಲ್ಲಿ ಎರಡು ಜಾತಿ ಸಿಗ್ತದೆ. ಒಂದು ಕಾರಿನದ್ದು, ಬೆರಳ ತುದಿಯಷ್ಟು ಸಣ್ಣ, ಅದರ ವಯರಿನ ಕೊನೆಗೆ ಹಳದಿ ಪಿನ್ ಇರ್ತದೆ (ಹಳೆ ಟಿವಿ, ಡಿವಿಡಿಗೆ ಚುಚ್ಚುತ್ತಿದ್ದೆವಲ್ಲ, ಅದೇ ಆರ್‌ಸಿಎ ಪಿನ್). ಇದಕ್ಕೆ ಕರೆಂಟ್ ಬೇರೆಯಾಗಿ ಹಿಂದೆಯೇ ಕೊಡ್ಬೇಕು. ಇನ್ನೊಂದು ಲಾರಿ, ಬಸ್ಸಿನದ್ದು, ಕಬ್ಬಿಣದ ಬ್ರ್ಯಾಕೆಟ್ ಜೊತೆ ಬರ್ತದೆ, ವಯರಿನ ಕೊನೆಗೆ ನಾಲ್ಕು ಪಿನ್ನಿನ ದುಂಡು ಕನೆಕ್ಟರ್, ತಿರುಗಿಸಿ ಟೈಟ್ ಮಾಡ್ಲಿಕ್ಕೆ ಆಗ್ತದೆ, ಒಳಗೆ ರಬ್ಬರ್ ವಾಷರ್ ಇರ್ತದೆ. ಇದಕ್ಕೆ ಏವಿಯೇಷನ್ ಕನೆಕ್ಟರ್ ಅಂತ ಹೇಳ್ತಾರೆ. ಚಿತ್ರ, ಕರೆಂಟ್, ಅರ್ತ್ ಎಲ್ಲ ಒಂದೇ ಕೇಬಲ್ಲಿನಲ್ಲಿ ಮಾನಿಟರಿಂದಲೇ ಹಿಂದೆ ಹೋಗ್ತದೆ, ಹಿಂದೆ ಏನೂ ಸುಲಿಯುವ ಕೆಲಸ ಇಲ್ಲ. ನನ್ನನ್ನು ಕೇಳಿದ್ರೆ ಕರಾವಳಿಯ ಗಾಡಿಗೆ ಇದನ್ನೇ ತೆಗೊಳ್ಳಿ, ನೋಡ್ಲಿಕ್ಕೆ ಸ್ವಲ್ಪ ದೊಡ್ಡದು ಕಾಣ್ತದೆ, ರೇಟೂ ಸ್ವಲ್ಪ ಜಾಸ್ತಿ, ಆದ್ರೆ ಹಳೆ ಪಿಕಪ್ಪಿನಲ್ಲಿ ಅದು ಅಸಹ್ಯ ಕಾಣುದಿಲ್ಲ.

ಪೆಟ್ಟಿಗೆ ಮೇಲೆ ಐಪಿ67, ಐಪಿ68, ಐಪಿ69ಕೆ ಅಂತ ಬರೆದಿರ್ತಾರೆ. ಮೊದಲ ಅಂಕಿ ಧೂಳಿಗೆ, 6 ಅಂದ್ರೆ ಧೂಳು ಒಳಗೆ ಹೋಗುದೇ ಇಲ್ಲ. ಎರಡನೇದು ನೀರಿಗೆ, 7 ಅಂದ್ರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದ್ರೂ ಆಗ್ತದೆ, 9ಕೆ ಅಂದ್ರೆ ಪ್ರೆಷರ್ ವಾಷಿಂಗಿನ ಬಿಸಿ ನೀರನ್ನೂ ತಡೀತದೆ. 67ಕ್ಕಿಂತ ಕಮ್ಮಿದು ಬೇಡ.

ಮಾನಿಟರ್ 4.3, 5, 7 ಇಂಚಿನಲ್ಲಿ ಸಿಗ್ತದೆ. ಹಳೆ ಕ್ಯಾಬಿನ್ ಸಣ್ಣದು, 5 ಇಂಚು ಸಾಕು. ಇಲ್ಲಿ ಒಂದು ವಿಷಯ ನೋಡ್ಲೇಬೇಕು, ಕ್ಯಾಮೆರಾ ಮತ್ತು ಮಾನಿಟರಿನ ಭಾಷೆ ಒಂದೇ ಇರಬೇಕು. ಸಾದಾ ಸಿಗ್ನಲ್ಲಿಗೆ ಸಿವಿಬಿಎಸ್ ಅಂತ ಹೆಸರು, ಜಾಸ್ತಿ ಸ್ಪಷ್ಟ ಇರುದಕ್ಕೆ ಎಹೆಚ್‌ಡಿ. ಒಂದು ಕಡೆ ಅದು, ಇನ್ನೊಂದು ಕಡೆ ಇದು ಆದ್ರೆ ಚಿತ್ರವೇ ಬರುದಿಲ್ಲ, ಜನ ಕ್ಯಾಮೆರಾ ಹಾಳು ಅಂತ ವಾಪಸ್ ಕೊಡ್ಲಿಕ್ಕೆ ಓಡ್ತಾರೆ. ಎರಡನ್ನೂ ಒಂದೇ ಸೆಟ್ಟಿನಲ್ಲಿ ತೆಗೊಂಡ್ರೆ ಈ ತಲೆಬಿಸಿ ಇಲ್ಲ.

ಕೇಬಲ್ಲಿನ ಉದ್ದ ತೆಗೊಳ್ಳುವ ಮೊದ್ಲು ಒಂದು ಹಗ್ಗ ಹಿಡಿದು ಅಳೀರಿ, ಗಾಡಿಯ ಉದ್ದ ಅಲ್ಲ, ವಯರ್ ಹೋಗುವ ದಾರಿ. ಡ್ಯಾಶ್‌ಬೋರ್ಡಿಂದ ಇಳಿದು ಛಾಸಿಸ್ ಹಿಡಿದು ಹಿಂದೆ ಹೋಗಿ ಮೇಲೆ ಹತ್ತಿದ್ರೆ, ಕಾರಿನ ಕ್ಯಾಮೆರಾದ ಜೊತೆ ಬರುವ 6 ಮೀಟರ್ ಸಾಕಾಗುದಿಲ್ಲ. 10 ಮೀಟರಿನದ್ದು ತೆಗೊಳ್ಳಿ, ಮಧ್ಯದಲ್ಲಿ ತುಂಡು ಸೇರಿಸುವ ಯೋಚನೆಯೇ ಬೇಡ.

ಬಾಕಿ ಸಣ್ಣಪುಟ್ಟದ್ದು: ವಯರಿನಲ್ಲೇ ಕೂರುವ ಫ್ಯೂಸ್ ಹೋಲ್ಡರ್ ಮತ್ತು 3 ಆಂಪಿಯರ್ ಫ್ಯೂಸ್, ಒಂದು ಚದರ ಮಿಲಿಮೀಟರಿನ ವಯರ್ ಕೆಂಪು ಕಪ್ಪು ಎರಡು ಬಣ್ಣದಲ್ಲಿ, ಕೇಬಲ್ ಒಳಗೆ ಹಾಕುವ ನೆರಿಗೆಯ ಪ್ಲಾಸ್ಟಿಕ್ ಪೈಪ್, ಕಪ್ಪು ಕೇಬಲ್ ಟೈ (ಬಿಳಿದು ಬಿಸಿಲಿಗೆ ಬೇಗ ತುಂಡಾಗ್ತದೆ), ಒಳಗೆ ಗಮ್ ಇರುವ ಹೀಟ್ ಶ್ರಿಂಕ್ ಅಂದ್ರೆ ಬಿಸಿ ಮಾಡಿದ್ರೆ ಕುಗ್ಗಿ ವಯರಿಗೆ ಅಂಟುವ ಕೊಳವೆ, ರಬ್ಬರ್ ಗ್ರೋಮೆಟ್ ಅಂದ್ರೆ ತಗಡಿನ ತೂತಿಗೆ ಕೂರಿಸುವ ರಬ್ಬರ್ ಬಳೆ, ಪೆಟ್ರೋಲಿಯಂ ಜೆಲ್ಲಿ, ಮಲ್ಟಿಮೀಟರ್ ಅಂದ್ರೆ ವೋಲ್ಟ್ ಅಳೆಯುವ ಮೀಟರ್.

1. ಮೊದ್ಲು ಗಾಡಿಯ ಕರೆಂಟ್ ನೋಡಿ

ಎಂಜಿನ್ ಆಫ್ ಇರುವಾಗ ಬ್ಯಾಟರಿಯಲ್ಲಿ 12.5 ವೋಲ್ಟ್ ಆಸುಪಾಸು ಇರ್ಬೇಕು, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರ ಒಳಗೆ. 15 ದಾಟಿದ್ರೆ ರೆಗ್ಯುಲೇಟರ್ ಹೋಗಿದೆ ಅಂತ ಅರ್ಥ, ಅದನ್ನು ಸರಿ ಮಾಡದೆ ಮಾನಿಟರ್ ಹಾಕಿದ್ರೆ ಮಾನಿಟರ್ ಉಳಿಯುದಿಲ್ಲ. ತೀರಾ ಹಳೆ ವಿಲ್ಲೀಸ್ ಜೀಪುಗಳಲ್ಲಿ 6 ವೋಲ್ಟ್ ಇರುದುಂಟು, ದೊಡ್ಡ ಲಾರಿಗಳಲ್ಲಿ 24. ಲಾರಿಯ ಮಾನಿಟರ್‌ಗಳಲ್ಲಿ 12ರಿಂದ 24 ಎರಡಕ್ಕೂ ಆಗುದು ಸಿಗ್ತದೆ, 6 ವೋಲ್ಟಿಗೆ ಸೀದಾ ಕೊಟ್ಟು ಪ್ರಯೋಜನ ಇಲ್ಲ. ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಬಾಡಿಯ ಲೋಹಕ್ಕೆ ಹೋಗಿದೆ ಅಂತಲೂ ನೋಡಿ, ಈ ಲೇಖನ ಪೂರ್ತಿ ಮೈನಸ್ ಬಾಡಿಯ ಲೋಹಕ್ಕೆ ಕೊಟ್ಟಿರುವ ಗಾಡಿಗೆ.

2. ರಿವರ್ಸ್ ಲೈಟ್ ಉರೀತದಾ?

ರಿವರ್ಸ್ ಗೇರಿಗೆ ಹಾಕಿದಾಗ ಸ್ಕ್ರೀನ್ ತನ್ನಷ್ಟಕ್ಕೆ ಹಿಂದಿನ ಚಿತ್ರಕ್ಕೆ ಹೋಗ್ಬೇಕಾದ್ರೆ ಗೇರ್ ಬಿದ್ದ ಸುದ್ದಿ ಮಾನಿಟರಿಗೆ ಸಿಗ್ಬೇಕು. ಆ ಸುದ್ದಿ ಕೊಡುದು ಗೇರ್‌ಬಾಕ್ಸಿನಲ್ಲಿರುವ ಸಣ್ಣ ರಿವರ್ಸ್ ಸ್ವಿಚ್, ಎರಡು ವಯರ್ ಬಂದಿರ್ತದೆ.

ಟಯರಿಗೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೀರಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ರಿವರ್ಸ್ ಹಾಕಿ, ಹಿಂದೆ ಲೈಟ್ ನೋಡಿ. ಈ ಹೊತ್ತಲ್ಲಿ ಕೀ ಯಾರ ಕೈಗೂ ಕೊಡ್ಬೇಡಿ. ಗೇರಲ್ಲಿರುವಾಗ ಯಾರಾದ್ರೂ ಸೆಲ್ಫ್ ಹೊಡೆದ್ರೆ ಗಾಡಿ ಹಿಂದಕ್ಕೆ ಹಾರ್ತದೆ, ಹಿಂದೆ ಬಗ್ಗಿ ನೋಡ್ತಾ ಇರುದು ನೀವು.

ಲೈಟ್ ಉರಿಯದಿದ್ರೆ ಬಲ್ಬ್, ಹೋಲ್ಡರಿನ ತುಕ್ಕು, ಫ್ಯೂಸ್ ಈ ಕ್ರಮದಲ್ಲಿ ನೋಡಿ. ಎಲ್ಲ ಸರಿ ಇದ್ರೆ ಗಾಡಿ ಅಡಿಗೆ ಹೋಗಿ ಸ್ವಿಚ್ಚಿನ ಎರಡು ವಯರ್ ಬಿಚ್ಚಿ ಒಂದಕ್ಕೊಂದು ಮುಟ್ಟಿಸಿ, ಆಗ ಲೈಟ್ ಬಂದ್ರೆ ಹೋಗಿರುದು ಸ್ವಿಚ್. ಸ್ವಿಚ್ ಬದಲಿಸುವಾಗ ವಾಷರ್ ಹೊಸತೇ ಹಾಕಿ, ಇಲ್ಲಾಂದ್ರೆ ಗೇರ್ ಆಯಿಲ್ ಒಸರ್ತದೆ. ನಿಮ್ಮ ಗಾಡಿಗೆ ಆ ಸ್ವಿಚ್ ಸಿಗುದೇ ಇಲ್ಲ ಅಂತಾದ್ರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೈಸ್ವಿಚ್ ಹಾಕಿದ್ರೂ ನಡೀತದೆ, ನೆನಪಿಟ್ಟು ಒತ್ತಬೇಕು ಅಷ್ಟೇ.

3. ಕರೆಂಟ್ ಎಲ್ಲಿಂದ ತೆಗೊಳ್ಳುದು

ಹೆಚ್ಚಿನವರು ಹಿಂದಿನ ರಿವರ್ಸ್ ಲೈಟಿನಿಂದಲೇ ತೆಗೀತಾರೆ, ಬೇಗ ಆಗ್ತದೆ ಅಂತ. ಹಳೆ ಗಾಡಿಯಲ್ಲಿ ಅಷ್ಟು ದೂರ ಹಳೆ ವಯರಿನಲ್ಲಿ ಹೋಗುವಾಗ ವೋಲ್ಟ್ ಇಳಿದು ಹೋಗ್ತದೆ, ಮುಂದೆ 12 ಇದ್ದದ್ದು ಹಿಂದೆ ತಲುಪುವಾಗ 10 ಆಗಿರಬಹುದು. ಬಲ್ಬ್ ಮಂಕಾಗಿ ಆದ್ರೂ ಉರೀತದೆ, ಕ್ಯಾಮೆರಾ ಮಾತ್ರ ಮಿಣಮಿಣ ಮಾಡ್ತದೆ. ಮತ್ತೆ ಅದೇ ಹಿಂದಿನ ಜಾಯಿಂಟಿನ ಕತೆ.

ನಾಲ್ಕು ಪಿನ್ನಿನ ಸೆಟ್ ಆದ್ರೆ ಕ್ಯಾಬಿನ್ ಒಳಗೆ ಮೂರೇ ವಯರ್. ಮಾನಿಟರಿನ ಕೆಂಪು ವಯರ್ ಫ್ಯೂಸ್ ಹೋಲ್ಡರ್ ಮೂಲಕ ಇಗ್ನಿಷನ್ ಲೈನಿಗೆ, ಅಂದ್ರೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಇರುವ ಲೈನಿಗೆ. ಬ್ಯಾಟರಿಗೆ ಸೀದಾ ಕೊಡ್ಬೇಡಿ, ನಾಲ್ಕು ದಿನ ಗಾಡಿ ನಿಂತ್ರೆ ಬ್ಯಾಟರಿ ಇಳೀತದೆ. ಕಪ್ಪು ಅರ್ತ್‌ಗೆ, ಅಂದ್ರೆ ಬಾಡಿಯ ಲೋಹಕ್ಕೆ. ಮೂರನೇದು ಟ್ರಿಗರ್ ವಯರ್, ಅಂದ್ರೆ ಗೇರ್ ಬಿದ್ದ ಸುದ್ದಿ ಹೇಳುದು, ಅದರ ಬಣ್ಣ ಒಂದೊಂದು ಕಂಪೆನಿಯಲ್ಲಿ ಒಂದೊಂದು, ಜೊತೆಗಿರುವ ಚೀಟಿ ನೋಡಿಯೇ ಕೊಡಿ. ಅದನ್ನು ರಿವರ್ಸ್ ಸ್ವಿಚ್ಚಿಂದ ಲೈಟಿಗೆ ಹೋಗುವ ವಯರಿಗೆ ಸೇರಿಸ್ಬೇಕು, ಗೇರ್‌ಬಾಕ್ಸ್ ಇರುದು ಕ್ಯಾಬಿನ್ನಿನ ಅಡಿಯಲ್ಲೇ ಅಲ್ವಾ, ಹಾಗಾಗಿ ಅಲ್ಲಿಂದಲೇ ಒಂದು ವಯರ್ ಮೇಲೆ ತಂದ್ರೆ ಮುಗೀತು. ಎರಡರಲ್ಲಿ ಯಾವುದು ಅಂತ ಗೊತ್ತಾಗ್ಲಿಕ್ಕೆ ಮೀಟರ್ ಹಿಡೀರಿ: ರಿವರ್ಸ್ ಹಾಕಿದಾಗ ಮಾತ್ರ 12 ತೋರಿಸುದು ಯಾವುದೋ ಅದೇ. ಟ್ರಿಗರ್ ವಯರ್ ಕರೆಂಟ್ ಎಳೆಯುದು ಲೆಕ್ಕಕ್ಕಿಲ್ಲದಷ್ಟು, ಹಳೆ ವಯರಿಗೆ ಭಾರ ಇಲ್ಲ.

ಈಗಾಗ್ಲೇ ಹಳದಿ ಪಿನ್ನಿನ ಕಾರ್ ಕ್ಯಾಮೆರಾ ತೆಗೊಂಡು ಆಗಿದ್ರೆ ಬಿಸಾಡ್ಬೇಡಿ, ಒಂದು ರಿಲೇ ಹಾಕಿ. ರಿಲೇ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್, ಹಾರ್ನಿಗೆ ಹಾಕ್ತಾರಲ್ಲ ಅದೇ. ಅಡಿಯಲ್ಲಿ ನಂಬರ್ ಇರ್ತದೆ: 86ಕ್ಕೆ ಗೇರ್‌ಬಾಕ್ಸಿಂದ ತಂದ ವಯರ್, 85 ಅರ್ತ್‌ಗೆ, 30ಕ್ಕೆ ಫ್ಯೂಸ್ ಮೂಲಕ ಇಗ್ನಿಷನ್ ಲೈನ್, 87ರಿಂದ ಕ್ಯಾಮೆರಾಕ್ಕೂ ಮಾನಿಟರಿನ ಟ್ರಿಗರಿಗೂ. ಹಳದಿ ಕೇಬಲ್ಲಿನ ಎರಡೂ ಕೊನೆಯಲ್ಲಿ ಒಂದು ಸಪೂರ ಕೆಂಪು ವಯರ್ ಹೊರಗೆ ಬಂದಿರ್ತದೆ, ಅದು ಸುಮ್ನೆ ಈಚೆಯಿಂದ ಆಚೆಗೆ ಹೋಗುವ ಒಂದೇ ವಯರ್. 87ನ್ನು ಮುಂದಿನ ಕೊನೆಗೆ ಕೊಟ್ರೆ ಹಿಂದಿನ ಕೊನೆಯಲ್ಲಿ ಕ್ಯಾಮೆರಾಕ್ಕೆ ಕರೆಂಟ್ ರೆಡಿ. ಈ ಲೆಕ್ಕದಲ್ಲಿ ಹಿಂದೆ ಕ್ಯಾಮೆರಾದ ಕೆಂಪು, ಕಪ್ಪು ಅಂತ ಎರಡು ಜಾಯಿಂಟ್ ಬಂದೇ ಬರ್ತದೆ, ಅದನ್ನು ಬೆಸುಗೆ ಹಾಕಿ ಗಮ್ ಇರುವ ಹೀಟ್ ಶ್ರಿಂಕ್ ಕೂರಿಸಿ, ಬರೀ ಟೇಪ್ ಸುತ್ತಿ ಬಿಡ್ಬೇಡಿ.

4. ಕ್ಯಾಮೆರಾ ಎಲ್ಲಿ ಕೂರಿಸುದು

ಹಿಂದಿನ ಡೋರಿಗೆ ಮಾತ್ರ ಬೇಡ. ಪಿಕಪ್ಪಿನ ಡೋರ್ ಕೆಳಗೆ ಬೀಳುದು, ಬಿಟ್ಟ ಕೂಡ್ಲೇ ಕ್ಯಾಮೆರಾ ನೆಲ ನೋಡ್ತದೆ, ಇಲ್ಲಾಂದ್ರೆ ಲೋಡ್ ಇಳಿಸುವ ಕಟ್ಟೆಗೆ ಬಡಿದು ಒಡೀತದೆ, ಪ್ರತಿ ಸಲ ಮಡಚಿ ಮಡಚಿ ವಯರ್ ಒಳಗೆ ತುಂಡಾಗ್ತದೆ.

ಟಾರ್ಪಾಲಿನ ಪೈಪ್ ಫ್ರೇಮ್ ಖಾಯಂ ಇರುವ ಗಾಡಿಯಾದ್ರೆ ಅದರ ಹಿಂದಿನ ಕಮಾನಿನ ಮೇಲೆ ಮಧ್ಯದಲ್ಲಿ ಕೂರಿಸಿ, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಲಿಂದ ನೋಡಿದ್ರೆ ದೂರದ ಅಂದಾಜು ಸರಿ ಸಿಗ್ತದೆ, ಕೆಸರೂ ಹಾರುದಿಲ್ಲ. ಫ್ರೇಮ್ ಇಲ್ಲದಿದ್ರೆ ಫ್ಲೋರಿನ ಅಡಿ ಹಿಂದಿನ ಅಡ್ಡಪಟ್ಟಿಗೆ, ಆದಷ್ಟು ಮೇಲೆ, ಪಟ್ಟಿಯ ಅಂಚಿಂದ ಸ್ವಲ್ಪ ಒಳಗೆ, ತಾಗಿದ್ರೂ ಪಟ್ಟಿಗೇ ಮೊದ್ಲು ತಾಗುವ ಹಾಗೆ. ಮೀನಿನ ಗಾಡಿಯವರು ಐಸ್ ನೀರು ಹೊರಗೆ ಬೀಳುವ ತೂತು ಎಲ್ಲುಂಟು ಅಂತ ನೋಡಿಕೊಂಡು ಅದರಿಂದ ದೂರ ಇಡಿ.

ಛಾಸಿಸ್ ರೈಲಿಗೆ ಹೊಸ ತೂತು ಕೊರೀಬೇಡಿ, ಗಾಡಿಯ ಭಾರ ಪೂರ್ತಿ ಹೊರುದು ಅದು, ಹಳೆದರಲ್ಲಿ ಬಿರುಕು ಅಲ್ಲಿಂದಲೇ ಶುರು ಆಗ್ಬಹುದು. ಮೊದ್ಲೇ ಇರುವ ಬೋಲ್ಟಿಗೆ ಬ್ರ್ಯಾಕೆಟ್ ಸಿಗಿಸಿ. ಬೇರೆ ತಗಡಿಗೆ ತೂತು ಮಾಡಿದ್ರೆ ಅಂಚಿಗೆ ಆಗಲೇ ರೆಡ್ ಆಕ್ಸೈಡ್ ಹಚ್ಚಿ, ನಾಳೆ ಹಚ್ಚುವ ಅಂತ ಬಿಟ್ರೆ ನಮ್ಮ ಗಾಳಿಗೆ ಒಂದೇ ವಾರದಲ್ಲಿ ಕೆಂಪಾಗ್ತದೆ.

ನಂಬರ್ ಪ್ಲೇಟಿನ ಸ್ಕ್ರೂಗೆ ಸಿಗಿಸುವ ಕ್ಯಾಮೆರಾ ಸಿಗ್ತದೆ, ಅದು ನಮಗೆ ಆಗುದಿಲ್ಲ. ಈಗ ಹಳೆ ಗಾಡಿಗಳಿಗೂ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್ ಬಂದಿದೆ, ಎಚ್‌ಎಸ್‌ಆರ್‌ಪಿ ಅಂತ ಹೇಳ್ತೇವಲ್ಲ ಅದು, ಅದರ ಲಾಕ್ ಒಂದ್ಸಲ ಬಿಚ್ಚಿದ್ರೆ ತುಂಡಾಗ್ತದೆ, ಪುನಃ ಹಾಕ್ಲಿಕ್ಕೆ ಆಗುದಿಲ್ಲ. ಪ್ಲೇಟಿನ ಒಂದು ಅಕ್ಷರವೂ ಮುಚ್ಚಬಾರದು.

ಬೋಲ್ಟ್ ಟೈಟ್ ಮಾಡುವ ಮೊದ್ಲು ಟೇಪಿನಲ್ಲಿ ಅಂಟಿಸಿ ಕೇಬಲ್ ನೆಲದ ಮೇಲೇ ಹಾಸಿ ಚಿತ್ರ ನೋಡಿ. ಸ್ಕ್ರೀನಿನ ಅಡಿಭಾಗದಲ್ಲಿ ನಿಮ್ಮ ಗಾಡಿಯ ಅಂಚು ಒಂದು ಗೆರೆಯಷ್ಟಾದ್ರೂ ಕಾಣ್ಬೇಕು, ಇಲ್ಲಾಂದ್ರೆ ಎಲ್ಲಿಗೆ ಮುಗೀತದೆ ಅಂತ ಗೊತ್ತಾಗುದಿಲ್ಲ. ಆಮೇಲೆ ಯಾರನ್ನಾದ್ರೂ ಗಾಡಿಯ ಹಿಂದೆ ಡ್ರೈವರ್ ಬದಿಗೆ ನಿಲ್ಲಿಸಿ. ಅವರು ಸ್ಕ್ರೀನಿನಲ್ಲೂ ಬಲಗಡೆಯೇ ಕಾಣ್ಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಎಡಕ್ಕೆ ಕಂಡ್ರೆ ಚಿತ್ರ ತಿರುಗಿಸ್ಬೇಕು, ಕೆಲವು ಮಾನಿಟರಿನ ಮೆನುವಿನಲ್ಲೇ ಆಗ್ತದೆ, ಕೆಲವು ಕ್ಯಾಮೆರಾದಲ್ಲಿ ಅದಕ್ಕಂತಲೇ ಒಂದು ಸಣ್ಣ ಕುಣಿಕೆ ವಯರ್ ಬಿಟ್ಟಿರ್ತಾರೆ, ತುಂಡು ಮಾಡಿದ್ರೆ ತಿರುಗ್ತದೆ. ಎರಡು ಕುಣಿಕೆ ಇದ್ರೆ ಇನ್ನೊಂದು ಪಾರ್ಕಿಂಗ್ ಗೆರೆಯದ್ದು, ಚೀಟಿ ಓದದೆ ಕತ್ತರಿ ಹಾಕ್ಬೇಡಿ. ಈ ಎಡಬಲದ ಪರೀಕ್ಷೆ ದಯವಿಟ್ಟು ಬಿಡ್ಬೇಡಿ, ಉಲ್ಟಾ ಚಿತ್ರ ನೋಡಿ ಸ್ಟೇರಿಂಗ್ ತಿರುಗಿಸಿದ್ರೆ ಕ್ಯಾಮೆರಾ ಇಲ್ಲದಿರುದಕ್ಕಿಂತ ಅಪಾಯ.

5. ಕೇಬಲ್ ಎಳೆಯುದು

ಅತಿ ಹೆಚ್ಚು ಹೊತ್ತು ಹಿಡಿಯುದು ಇದಕ್ಕೆ, ಅರ್ಧ ದಿನ ಇಟ್ಟುಕೊಳ್ಳಿ. ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಹೋಗ್ಬೇಡಿ.

ಸೈಲೆನ್ಸರ್ ಯಾವ ಬದಿ ಉಂಟೋ ಅದರ ಎದುರು ಬದಿಯ ಛಾಸಿಸ್ಸಿನ ಒಳಮೈ ಹಿಡಿದು ಹೋಗಿ. ಪೂರ್ತಿ ಉದ್ದಕ್ಕೂ ನೆರಿಗೆ ಪೈಪಿನ ಒಳಗೆ ಹಾಕಿ, ಗೇಣು ಗೇಣಿಗೆ ಒಂದು ಟೈ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಚಕ್ರಕ್ಕೆ ಹೋಗುವ ತಿರುಗುವ ರಾಡ್) ಮತ್ತು ಸ್ಪ್ರಿಂಗ್ ಪ್ಲೇಟುಗಳ ಹತ್ರ ಜೋತು ಬೀಳದ ಹಾಗೆ ನೋಡ್ಕೊಳ್ಳಿ, ಲೋಡ್ ಬಿದ್ದಾಗ ಪ್ಲೇಟ್ ಎಷ್ಟು ಮೇಲೆ ಬರ್ತದೆ ಅಂತ ನೆನಪಿರಲಿ. ಬ್ರೇಕ್ ಪೈಪಿಗೆ, ಡೀಸೆಲ್ ಪೈಪಿಗೆ ಕೇಬಲ್ ಕಟ್ಟುದು ತುಂಬ ಕಡೆ ನೋಡಿದ್ದೇನೆ, ಅದು ದೊಡ್ಡ ತಪ್ಪು, ಟೈ ಉಜ್ಜಿ ಉಜ್ಜಿ ಪೈಪ್ ಸವೀತದೆ, ಅಡಿಯಲ್ಲಿ ತುಕ್ಕು ಹಿಡಿದ್ರೂ ಕಾಣುದಿಲ್ಲ.

ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ, ಹೊಂಡಕ್ಕೆ ಬಿದ್ದಾಗ ಎರಡೂ ಬೇರೆ ಬೇರೆಯಾಗಿ ಅಲ್ಲಾಡ್ತದೆ. ಆ ಸಂದಿನಲ್ಲಿ ಕೇಬಲ್ ಬಿಗಿ ಇಡ್ಬೇಡಿ, ಒಂದು ಸುತ್ತು ಸಡಿಲ ಬಿಡಿ. ಕ್ಯಾಬಿನ್ ಒಳಗೆ ಹೋಗುವ ತೂತಿಗೆ ಗ್ರೋಮೆಟ್ ಹಾಕದೆ ಇದ್ರೆ ತಗಡಿನ ಅಂಚು ಕತ್ತಿ ಇದ್ದ ಹಾಗೆ. ತೂತಿನ ಮೊದ್ಲು ಕೇಬಲ್ ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಬೇಕು, ಅಂದ್ರೆ ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳ್ತದೆ, ಒಳಗೆ ಬರುದಿಲ್ಲ. ಕ್ಯಾಮೆರಾದ ಹತ್ರವೂ ಹೀಗೇ. ಕ್ಯಾಮೆರಾದಿಂದ ಬಂದ ಸಣ್ಣ ವಯರ್ ಮತ್ತು ಉದ್ದ ಕೇಬಲ್ ಸೇರುವ ದುಂಡು ಕನೆಕ್ಟರ್ ಹಿಂದೆ ಬಂದೇ ಬರ್ತದೆ, ಅದರ ರಬ್ಬರ್ ವಾಷರಿಗೆ ಚೂರು ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಪೂರ್ತಿ ತಿರುಗಿಸಿ, ಟಯರಿನ ನೀರು ಹಾರದ ಎತ್ತರದಲ್ಲಿ ಕಟ್ಟಿ.

6. ಅರ್ತ್

ಚಿತ್ರದಲ್ಲಿ ಅಡ್ಡಗೆರೆ ಓಡ್ತಾ ಇದ್ರೆ ಹೆಚ್ಚಿನ ಸಲ ಕಾರಣ ಇದು. ಹಳದಿ ಪಿನ್ನಿನ ಕ್ಯಾಮೆರಾದಲ್ಲಿ ಕಪ್ಪು ವಯರನ್ನು ಹಿಂದಿನ ತುಕ್ಕು ಹಿಡಿದ ಬಾಡಿಗೆ ಸ್ಕ್ರೂ ಹೊಡೆದು ಬಿಟ್ರೆ, ಕರೆಂಟ್ ವಾಪಸ್ ಬರ್ಲಿಕ್ಕೆ ಸರಿ ದಾರಿ ಸಿಗದೆ ಚಿತ್ರದ ಕೇಬಲ್ಲಿನ ಹೊರಜಾಲರಿ ಹಿಡಿದು ಬರ್ತದೆ, ಅದೇ ಗೆರೆಯಾಗಿ ಕಾಣುದು. ಕಪ್ಪು ವಯರನ್ನೂ ಕೇಬಲ್ ಜೊತೆಯೇ ಮುಂದೆ ತಂದು ಮಾನಿಟರ್ ಅರ್ತ್ ಕೊಟ್ಟ ಬೋಲ್ಟಿಗೇ ಕೊಡಿ. ಆ ಬೋಲ್ಟಿನ ಜಾಗದಲ್ಲಿ ಪೈಂಟ್ ಕೆರೆದು ಬಿಳಿ ಲೋಹ ಕಾಣ್ಬೇಕು, ವಯರಿಗೆ ಉಂಗುರದ ಲಗ್ ಒತ್ತಿ, ಹಲ್ಲಿರುವ ವಾಷರ್ ಹಾಕಿ ಟೈಟ್ ಮಾಡಿ, ಆಮೇಲೆ ಮೇಲಿಂದ ಜೆಲ್ಲಿ ಬಳೀರಿ. ಮೊದ್ಲೇ ಬಳಿದು ಆಮೇಲೆ ಟೈಟ್ ಮಾಡುದಲ್ಲ.

7. ಮಾನಿಟರ್

ರಸ್ತೆಗೆ ಅಡ್ಡ ಬರಬಾರದು, ಡ್ಯಾಶ್‌ಬೋರ್ಡಿನ ಮಧ್ಯಕ್ಕೆ ತಗ್ಗಿಸಿ ಕೂರಿಸಿ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿಗೆ ಬಿಡ್ತದೆ, ಸ್ಕ್ರೂ ಹಾಕುದೇ ಒಳ್ಳೇದು. ರಾತ್ರಿ ಬ್ರೈಟ್‌ನೆಸ್ ಕಮ್ಮಿ ಮಾಡಿ, ಬೆಳಕು ಕಣ್ಣಿಗೆ ಹೊಡೆದ್ರೆ ಹೊರಗಿನ ಕತ್ತಲೆ ಇನ್ನೂ ಕತ್ತಲೆ ಕಾಣ್ತದೆ.

8. ಗೆರೆ ಸರಿ ಮಾಡುದು, ಪರೀಕ್ಷೆ

ಹಸಿರು ಹಳದಿ ಕೆಂಪು ಗೆರೆಗಳು ಯಾವುದೋ ಕಾರಿನ ಎತ್ತರಕ್ಕೆ ಇಟ್ಟದ್ದು, ನಿಮ್ಮ ಗಾಡಿಗೆ ಅದು ಸರಿ ಅಂತ ನಂಬ್ಬೇಡಿ. ಸಮತಟ್ಟು ಅಂಗಳದಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಅಂಚಿಂದ ಅರ್ಧ ಮೀಟರ್, 1 ಮೀಟರ್, 2 ಮೀಟರಿಗೆ ಒಂದೊಂದು ತೆಂಗಿನಕಾಯಿ ಇಡಿ, ಸ್ಕ್ರೀನಿನಲ್ಲಿ ಅದು ಎಲ್ಲಿ ಕಾಣ್ತದೆ ನೋಡಿ. ಮೆನುವಿನಲ್ಲಿ ಗೆರೆ ಸರಿಸ್ಲಿಕ್ಕೆ ಆದ್ರೆ ಸರಿಸಿ, ಆಗದಿದ್ರೆ ಗೆರೆ ಆಫ್ ಮಾಡಿ ಸ್ಕ್ರೀನಿನ ಬದಿಗೆ ಸಪೂರ ಬಣ್ಣದ ಟೇಪ್ ಅಂಟಿಸಿ ಗುರುತು ಮಾಡ್ಕೊಳ್ಳಿ. ಫುಲ್ ಲೋಡ್ ಇರುವಾಗ ಹಿಂದೆ ತಗ್ಗಿ ಈ ಗುರುತು ಸ್ವಲ್ಪ ಬದಲಾಗ್ತದೆ, ಅದೂ ಒಮ್ಮೆ ನೋಡಿಟ್ಟುಕೊಳ್ಳಿ.

ಮತ್ತೆ ಪೈಪಿಂದ ನೀರು ಬಿಡಿ, ಹತ್ತು ನಿಮಿಷ. ರಾತ್ರಿ ಒಮ್ಮೆ ನೋಡಿ. ಹೊಂಡದ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬಂದು ಎಲ್ಲ ಟೈ ಕೈಯಲ್ಲಿ ಎಳೆದು ನೋಡಿ.

ತೊಂದರೆ ಬಂದ್ರೆ: ಚಿತ್ರ ಕಪ್ಪುಬಿಳುಪಾಗಿ ಮೇಲಿಂದ ಕೆಳಗೆ ಉರುಳಿದ್ರೆ ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಎರಡು ಇರ್ತದೆ, ಬದಲಿಸಿ ನೋಡಿ. ನೀಲಿ ಸ್ಕ್ರೀನ್ ಮಾತ್ರ ಬಂದ್ರೆ ಮಾನಿಟರಿಗೆ ಕರೆಂಟ್ ಉಂಟು, ಚಿತ್ರ ತಲುಪ್ತಾ ಇಲ್ಲ, ಕನೆಕ್ಟರಿನಿಂದ ಹುಡುಕ್ತಾ ಹೋಗಿ. ಲೆನ್ಸಿನ ಒಳಗೆ ಮಂಜು ಕಂಡ್ರೆ ಸೀಲ್ ಹೋಗಿದೆ, ಒಣಗಿಸಿದ್ರೂ ಮತ್ತೆ ಬರ್ತದೆ, ಕ್ಯಾಮೆರಾ ಬದಲಿಸುದೇ.

ಹಾಕಿದ ಮೇಲೂ

ಲೆನ್ಸಿಗೆ ಗಾಡಿಯ ಅಡಿಭಾಗ ಕಾಣುದಿಲ್ಲ, ಎರಡೂ ಬದಿಯ ಮೂಲೆಯೂ ಪೂರ್ತಿ ಕಾಣುದಿಲ್ಲ. ಮನೆ ಅಂಗಳದಲ್ಲಿ ಸಣ್ಣ ಮಕ್ಕಳಿದ್ರೆ ಇಳಿದು ಒಂದು ಸುತ್ತು ಬಂದು ನೋಡಿಯೇ ಹಿಂದೆ ತೆಗೀರಿ. ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ಹೇಳ್ಲಿಕ್ಕೆ ಜನ ಇದ್ರೆ ಅವರನ್ನು ನಿಲ್ಲಿಸಿ, ಅವರು ಸ್ಕ್ರೀನಿನಲ್ಲಿ ಕಾಣದೆ ಹೋದ ಕೂಡ್ಲೇ ಬ್ರೇಕ್ ಹಾಕಿ.

ಮೀನಿನ ಲೋಡ್ ಇಳಿಸಿದ ದಿನ ಕ್ಯಾಮೆರಾಕ್ಕೂ ಬ್ರ್ಯಾಕೆಟ್ಟಿಗೂ ಬಾವಿ ನೀರು ಹೊಯ್ದು ಉಪ್ಪು ತೊಳೀರಿ. ವಾಷಿಂಗಿಗೆ ಕೊಟ್ಟಾಗ ಪ್ರೆಷರ್ ಗನ್ನನ್ನು ಲೆನ್ಸಿಗೆ ಹತ್ರದಿಂದ ಹಿಡೀಬೇಡಿ ಅಂತ ಹೇಳಿ. ಮಳೆಗಾಲಕ್ಕೆ ಮೊದ್ಲು ಫ್ಲೋರಿಗೆ ವೆಲ್ಡಿಂಗ್ ಮಾಡಿಸುದು ನಮ್ಮಲ್ಲಿ ಹೆಚ್ಚಿನ ಹಳೆ ಗಾಡಿಗೆ ಇದ್ದದ್ದೇ. ಆ ದಿನ ಬ್ಯಾಟರಿಯ ಮೈನಸ್ ಬಿಚ್ಚಿ, ಕ್ಯಾಮೆರಾದ ಕನೆಕ್ಟರನ್ನೂ ತಿರುಗಿಸಿ ತೆಗೆದಿಡಿ, ವೆಲ್ಡಿಂಗಿನ ಕರೆಂಟ್ ಬಾಡಿಯಲ್ಲಿ ಹರಿದು ಕ್ಯಾಮೆರಾ ಸುಟ್ಟುಹೋಗ್ಬಹುದು. ಹೇಗೂ ಬಿಚ್ಚಿದ್ದೀರಲ್ಲ, ವಾಪಸ್ ಹಾಕುವಾಗ ಕನೆಕ್ಟರಿನ ಹಳೆ ಜೆಲ್ಲಿ ಒರೆಸಿ ಹೊಸತು ಹಚ್ಚಿ.